ಮರಗಸಿಯಿಂದ ಬಾಳ್ಗಳ್ಚಿನವರೆಗೆ: ಸಂದರ್ಭ ಹೇಳುವ ಅರ್ಥ



ನಾನು ಮಾಡಿದ ಒಂದು ತಪ್ಪಿನಿಂದಲೇ ಈ ಮಾತನ್ನು ಆರಂಭಿಸುತ್ತೇನೆ. ಕೆಲವು ವರ್ಷಗಳ ಹಿಂದೆ ಕಳಸದ ಕಡೆಯ ಕಾಫಿ ತೋಟಗಳ ಬಗ್ಗೆ ಒಂದು ಕಿರುಚಿತ್ರ ತಯಾರಿಸುತ್ತಿದ್ದೆ. ಮಳೆಗಾಲ ಹತ್ತಿರವಾಗಿತ್ತು. ತೋಟದವರು ಕೊಟ್ಟ ಕೆಲಸಗಳ ಪಟ್ಟಿಯಲ್ಲಿ 'ಮರಗಸಿ' ಎಂಬ ಪದವಿತ್ತು. ನಾನು ಓದಿದ್ದು ವಿಜ್ಞಾನ. ಸಸ್ಯಶಾಸ್ತ್ರದ ಪಾಠದಲ್ಲಿ 'ಕಸಿ' ಎಂದರೆ ಒಂದು ಗಿಡದ ಕುಡಿಯನ್ನು ಇನ್ನೊಂದು ಗಿಡಕ್ಕೆ ಕೂಡಿಸಿ ಕಟ್ಟುವುದು ಎಂದು ಕಲಿತಿದ್ದೆ. ಮಾವಿನ ಕಸಿ, ಗುಲಾಬಿಯ ಕಸಿ ಎಲ್ಲರಿಗೂ ಗೊತ್ತು. ಹಾಗಾಗಿ ನಿರೂಪಣೆಯಲ್ಲಿ ಧೈರ್ಯವಾಗಿ ಬರೆದೆ: 'ಈಗ ತೋಟದಲ್ಲಿ ಮರಗಳಿಗೆ ಕಸಿ ಕಟ್ಟುವ ಕಾಲ.'

ಸಂಜೆ ಕೆಲಸ ಮುಗಿದ ಮೇಲೆ, ಕಾಫಿ ಒಣಗಿಸುವ ಕಣದಲ್ಲಿ ಕುಳಿತು ಬರೆದದ್ದನ್ನು ಓದಿದೆ. ಕೂಲಿಯವರು ಮೊದಲು ಸುಮ್ಮನಿದ್ದರು, ಆಮೇಲೆ ನಗತೊಡಗಿದರು. ವಯಸ್ಸಾದ ಒಬ್ಬ ಹೆಂಗಸು ಹೇಳಿದರು: "ಏನ್ ಸಾರ್, ಬೆಳಿಗ್ಗೆಯಿಂದ ನೀವೇ ಫೋಟೋ ಹಿಡಿದ್ರಲ್ಲ. ಕತ್ತಿ ಹಿಡ್ಕೊಂಡು ಮರ ಹತ್ತಿದವನು ಕೊಂಬೆ ಕಡೀತಾನೋ, ಕಟ್ತಾನೋ?"

ನಿಜವೇ. ಇಡೀ ದಿನ ನಾನು ಚಿತ್ರೀಕರಿಸಿದ್ದು, ಹಗ್ಗ ಬಿಗಿದುಕೊಂಡು ಮರ ಹತ್ತಿದ ಗಂಡಸರು ನೆರಳಿನ ಮರಗಳ ಕೊಂಬೆ ಸವರುವುದನ್ನು. ಕಾಫಿ ಗಿಡ ನೆರಳಿನಲ್ಲಿ ಬೆಳೆಯುತ್ತದೆ. ಆದರೆ ಮಳೆಗಾಲದ ಮೋಡದ ಕತ್ತಲೆಗೆ ಮರದ ದಟ್ಟ ನೆರಳೂ ಸೇರಿದರೆ ಗಿಡಕ್ಕೆ ಬೆಳಕು ಸಾಲದು, ಗಾಳಿಯಾಡದೆ ರೋಗವೂ ಬರುತ್ತದೆ. ಅದಕ್ಕಾಗಿ ಹಾಲವಾಣ, ಸಿಲ್ವರ್ ಓಕ್ ಮುಂತಾದ ಮರಗಳ ಕೊಂಬೆಗಳನ್ನು ಕಡಿದು ಬೆಳಕು ಬಿಡುತ್ತಾರೆ. ಈ ಕೆಲಸಕ್ಕೇ ಇಲ್ಲಿ ಮರಗಸಿ ಎನ್ನುವುದು. ಕಾಫಿ ಗಿಡದ ಬೇಡದ ಚಿಗುರನ್ನೂ ರೆಂಬೆಯನ್ನೂ ತೆಗೆಯುವುದಕ್ಕೂ ಇವರ ಮಾತಿನಲ್ಲಿ ಕಸಿ ಎಂದೇ ಹೆಸರು. ನಾನು ಪದವನ್ನು ನೋಡಿದ್ದೆ, ಪದದ ಪಕ್ಕದಲ್ಲಿದ್ದ ಕತ್ತಿಯನ್ನು ನೋಡಿರಲಿಲ್ಲ.

ಪ್ರಸಾರಕ್ಕೆ ಮುಂಚೆಯೇ ಆ ವಾಕ್ಯವನ್ನು ತಿದ್ದಿದೆ. ಆದರೆ ಆಕೆಯ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಆ ಪ್ರಶ್ನೆಯಲ್ಲಿ ಒಂದು ವಿಧಾನವೇ ಅಡಗಿದೆ. ಗೊತ್ತಿಲ್ಲದ ಪದ ಎದುರಾದಾಗ ಅದರ ಸುತ್ತ ಏನಿದೆ ನೋಡು, ಯಾರು ಹೇಳುತ್ತಿದ್ದಾರೆ ನೋಡು, ಅವರ ಕೈಯಲ್ಲಿ ಏನಿದೆ ನೋಡು. ಇದೇ ಮಲೆನಾಡಿನ ಕಲ್ಲುಗಳ ಮೇಲೆ ಕೊರೆದ ಹಳೆಯ ಬರಹಗಳನ್ನು ನಮ್ಮ ವಿದ್ವಾಂಸರು ಓದಿದ್ದೂ ಹೀಗೆಯೇ. ಆ ಕತೆಯನ್ನು ನಿಮಗೆ ಹೇಳಬೇಕೆಂದಿದ್ದೇನೆ.

ಒಂದೇ ಪದ, ಬೇರೆ ಬೇರೆ ಮನೆ

ಮೊದಲು ಸುಲಭವಾದ ಪದಗಳನ್ನು ನೋಡೋಣ. 'ಕಣ' ಎಂದರೇನು? ಭೌತಶಾಸ್ತ್ರದ ತರಗತಿಯಲ್ಲಿ ಅದು ಅತಿ ಸಣ್ಣ ವಸ್ತು. ಬಯಲು ಸೀಮೆಯ ರೈತನಿಗೆ ರಾಗಿ ಒಕ್ಕುವ ಜಾಗ. ಕಾಫಿ ತೋಟದಲ್ಲಿ ಹಣ್ಣು ಒಣಗಿಸುವ ಅಂಗಳ. ಪತ್ರಿಕೆಯಲ್ಲಿ ಅದು ಚುನಾವಣೆಯ ಕಣ. ಅಕ್ಷರ ಒಂದೇ, ಅರ್ಥ ನಾಲ್ಕು. ಆದರೂ 'ಕಣದಲ್ಲಿ ಐವರು ಅಭ್ಯರ್ಥಿಗಳಿದ್ದಾರೆ' ಎಂದು ಓದಿದಾಗ ನಿಮಗೆ ಒಕ್ಕಣೆಯ ನೆನಪಾಗುವುದಿಲ್ಲ. 'ಅಭ್ಯರ್ಥಿ' ಎಂಬ ನೆರೆಯ ಪದ ನಿಮ್ಮ ಕೈಹಿಡಿದು ನಡೆಸುತ್ತದೆ.

ಇನ್ನೊಂದು ಪದ 'ರೈಟರ್'. ಮೂಡಿಗೆರೆಯ ಕಡೆಯ ಹುಡುಗನೊಬ್ಬ ಬೆಂಗಳೂರಿನ ಶಾಲೆಗೆ ಸೇರಿ, "ನಮ್ಮ ತಂದೆ ರೈಟರ್" ಎಂದರೆ, ಯಾವ ಕಾದಂಬರಿ ಬರೆದಿದ್ದಾರೆ ಎಂದು ಸಹಪಾಠಿಗಳು ಕೇಳಬಹುದು. ಆದರೆ ತೋಟದಲ್ಲಿ ರೈಟರ್ ಎಂದರೆ ಆಳುಗಳ ಹಾಜರಿ ಬರೆದು, ಕೆಲಸ ನೋಡಿಕೊಳ್ಳುವವರು. ಪೊಲೀಸ್ ಠಾಣೆಯಲ್ಲಿಯೂ ಒಬ್ಬ ರೈಟರ್ ಇರುತ್ತಾರೆ; ಅವರು ಬರೆಯುವುದು ದೂರು, ದಾಖಲೆ.

'ಹೂಮಳೆ' ಎಂಬುದನ್ನೂ ನೋಡಿ. ಪುರಾಣದ ಕತೆಯಲ್ಲಿ ದೇವತೆಗಳು ಹೂಮಳೆ ಸುರಿಸುತ್ತಾರೆ. ಅಲ್ಲಿ ಬೀಳುವುದು ಹೂವು. ಚಿಕ್ಕಮಗಳೂರಿನ ಬೆಳೆಗಾರರು ಮಾರ್ಚ್, ಏಪ್ರಿಲ್‌ನಲ್ಲಿ ಆಕಾಶ ನೋಡುತ್ತಾ 'ಹೂಮಳೆ ಬಂತೇ?' ಎಂದು ಕೇಳುತ್ತಾರೆ. ಇಲ್ಲಿ ಬೀಳುವುದು ನೀರು. ಬೇಸಿಗೆಯ ಒಣಹವೆಯಲ್ಲಿ ಕಾಫಿಯ ಮೊಗ್ಗು ನಿದ್ರೆಯಲ್ಲಿರುತ್ತದೆ. ಒಂದು ಹದವಾದ ಮಳೆ ಬಿದ್ದರೆ ಎಂಟು ಹತ್ತು ದಿನಗಳಲ್ಲಿ ತೋಟವೆಲ್ಲ ಬಿಳಿಯ ಹೂವಾಗುತ್ತದೆ. ಹೂವಿನ ಮಳೆಯಲ್ಲ, ಹೂವು ತರುವ ಮಳೆ. ವರ್ಷದ ಫಸಲು ನಿಂತಿರುವುದು ಈ ಮಳೆಯ ಮೇಲೆ.

ಈಗ ನಿಮ್ಮ ಸರದಿ. ಈ ವಾಕ್ಯ ಓದಿ: 'ಕೊನೆಗಾರ ಇನ್ನೂ ಬರಲಿಲ್ಲ; ಅಡಿಕೆ ಮರದಲ್ಲೇ ಹಣ್ಣಾಗಿ ಉದುರುತ್ತಿದೆ.' ಕೊನೆಗಾರ ಎಂದರೆ ಕೊನೆಯಲ್ಲಿ ಬರುವವನೇ? ಅವನು ಬಾರದ್ದರಿಂದ ಅಡಿಕೆ ಉದುರುತ್ತಿದೆ ಎಂದಮೇಲೆ ಅವನ ಕೆಲಸ ಅಡಿಕೆಯನ್ನು ಮರದಿಂದ ಇಳಿಸುವುದಿರಬೇಕು. ಹಾಗಾದರೆ 'ಕೊನೆ' ಎಂದರೆ ಇಲ್ಲಿ ಅಡಿಕೆಯ ಗೊಂಚಲು. ಬಾಳೆಗೊನೆ ನಿಮಗೆ ಗೊತ್ತಿದೆಯಲ್ಲ? ಅದೇ ಕೊನೆ. ನಿಘಂಟು ತೆರೆಯದೆ ನೀವೇ ಅರ್ಥ ಕಂಡುಕೊಂಡಿರಿ.

ಕಲ್ಲಿನ ಮೇಲಿನ ಪದ

ಈಗ ಹಿಂದಕ್ಕೆ ಹೋಗೋಣ. ಚಿಕ್ಕಮಗಳೂರು ಜಿಲ್ಲೆಗೆ ಹಿಂದೆ ಕಡೂರು ಜಿಲ್ಲೆ ಎಂಬ ಹೆಸರಿತ್ತು. ಆ ಜಿಲ್ಲೆಯ ಶಾಸನಗಳ ಸಂಪುಟವನ್ನು ಬಿ. ಎಲ್. ರೈಸ್ ಅವರು 1901ರಲ್ಲಿ ಪ್ರಕಟಿಸಿದರು. ರೈಸ್ ಹುಟ್ಟಿದ್ದು ಬೆಂಗಳೂರಿನಲ್ಲಿ, 1837ರಲ್ಲಿ. ಮೈಸೂರು ಸಂಸ್ಥಾನದ ಹಾಗೂ ಕೊಡಗಿನ ಊರೂರು ತಿರುಗಿ ಅವರು ಮತ್ತು ಅವರ ಸಹಾಯಕ ಪಂಡಿತರು ಸುಮಾರು 9,000 ಶಾಸನಗಳನ್ನು 'ಎಪಿಗ್ರಾಫಿಯಾ ಕರ್ನಾಟಿಕಾ' ಮಾಲೆಯಲ್ಲಿ ಬೆಳಕಿಗೆ ತಂದರು. ಕಳಸದ ಶಾಸನಗಳೂ ಅದರಲ್ಲಿವೆ. 13ನೇ ಶತಮಾನದಲ್ಲಿ ಜಾಕಲ ಮಹಾದೇವಿ, ಕಾಳಲ ಮಹಾದೇವಿ ಎಂಬ ರಾಣಿಯರು ಕಳಸದಲ್ಲಿ ಆಳಿದರೆಂಬುದು ನಮಗೆ ತಿಳಿದದ್ದು ಇಂಥ ಕಲ್ಲುಗಳಿಂದ.

ಶಾಸನದ ಕನ್ನಡ ಇಂದಿನ ಕನ್ನಡವಲ್ಲ. ಎಷ್ಟೋ ಪದಗಳು ಯಾವ ನಿಘಂಟಿನಲ್ಲೂ ಇರಲಿಲ್ಲ. ಕೇಳೋಣವೆಂದರೆ ಆ ಮಾತನ್ನಾಡಿದವರು ತೀರಿಹೋಗಿ ಸಾವಿರ ವರ್ಷವಾಗಿತ್ತು. ಹಾಗಾದರೆ ಅರ್ಥ ಹೇಗೆ ತಿಳಿಯಿತು?

ಒಂದು ಉದಾಹರಣೆ ತೆಗೆದುಕೊಳ್ಳೋಣ. ಬೇಲೂರಿನಿಂದ ಚಿಕ್ಕಮಗಳೂರಿಗೆ ಬರುವ ದಾರಿಯ ಸಮೀಪದಲ್ಲಿ ಹಲ್ಮಿಡಿ ಎಂಬ ಚಿಕ್ಕ ಹಳ್ಳಿಯಿದೆ. ಅಲ್ಲಿನ ಶಾಸನವನ್ನು ಮೈಸೂರು ಪುರಾತತ್ತ್ವ ಇಲಾಖೆಯ ನಿರ್ದೇಶಕರಾಗಿದ್ದ ಡಾ. ಎಂ. ಎಚ್. ಕೃಷ್ಣ ಅವರು 1936ರಲ್ಲಿ ಬೆಳಕಿಗೆ ತಂದರು. ಅದರ ಕಾಲ ಸುಮಾರು ಕ್ರಿ.ಶ. 450 ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಒಟ್ಟು 16 ಸಾಲು. ಅದರಲ್ಲಿ 'ಬಾಳ್ಗಳ್ಚು' ಎಂಬ ಒಂದು ಪದ ಬರುತ್ತದೆ.

ಇದೇನು? ಬಿಡಿಸಿ ನೋಡೋಣ. 'ಬಾಳ್' ಎಂದರೆ ಇಂದು ನಮಗೆ ಜೀವನ. ಹಳಗನ್ನಡದಲ್ಲಿ ಎರಡು ಬೇರೆ ಪದಗಳಿದ್ದವು. ಬದುಕು ಎಂಬ ಅರ್ಥದ ಪದವನ್ನು ರಳ ಎಂಬ ಹಳೆಯ ಅಕ್ಷರದಿಂದ 'ಬಾೞ್' ಎಂದು ಬರೆಯುತ್ತಿದ್ದರು. ಕತ್ತಿ ಎಂಬ ಅರ್ಥದ ಪದ 'ಬಾಳ್'. ಆ ಅಕ್ಷರ ಬಳಕೆಯಿಂದ ಬಿದ್ದುಹೋದ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ.

ಇನ್ನು 'ಗಳ್ಚು'. ಇದು 'ಕಳ್ಚು', ಸಮಾಸದಲ್ಲಿ ಕಕಾರ ಗಕಾರವಾಗಿದೆ. ಮಳೆ ಮತ್ತು ಕಾಲ ಸೇರಿ ಮಳೆಗಾಲ ಆದಂತೆ. ನಿಮ್ಮ ವ್ಯಾಕರಣ ಪುಸ್ತಕದ ಆದೇಶ ಸಂಧಿ ಇದೇ. ಕಳ್ಚು, ಕರ್ಚು ಎಂದರೆ ತೊಳೆ. ಇದು ಹೇಗೆ ತಿಳಿಯಿತು ಎನ್ನುವಿರಾ? ದಾನ ಕೊಡುವವರು ದಾನ ಪಡೆಯುವ ಗುರುವಿನ 'ಕಾಲಂ ಕರ್ಚಿ' ನೀರೆರೆದು ಕೊಟ್ಟರೆಂದು ನಂತರದ ನೂರಾರು ಶಾಸನಗಳು ಹೇಳುತ್ತವೆ. ನೀರು, ಕಾಲು, ದಾನ, ಗೌರವ ಇವು ಮತ್ತೆ ಮತ್ತೆ ಜೊತೆಯಾಗಿ ಬರುವಾಗ ಕರ್ಚು ಎಂದರೆ ತೊಳೆಯುವುದು ಎಂಬುದರಲ್ಲಿ ಸಂಶಯ ಉಳಿಯುವುದಿಲ್ಲ.

ಹಾಗಾದರೆ ಬಾಳ್ಗಳ್ಚು ಎಂದರೆ ಕತ್ತಿ ತೊಳೆಯುವುದು. ಕತ್ತಿ ತೊಳೆಯುವುದನ್ನು ಕಲ್ಲಿನಲ್ಲಿ ಏಕೆ ಬರೆಯಬೇಕು? ಮತ್ತೆ ನೆರೆಹೊರೆ ನೋಡಿ. ಶಾಸನದಲ್ಲಿ ಆ ಪದಕ್ಕೆ ಮುಂಚೆ ಯುದ್ಧದ ಮಾತಿದೆ. ವಿಜ ಅರಸ ಎಂಬ ವೀರನ ಹೆಸರಿದೆ. ಆ ಪದದ ನಂತರ 'ಕೊಟ್ಟರು' ಎಂಬ ಅರ್ಥದ ಕ್ರಿಯಾಪದವಿದೆ. ಅದರ ಮುಂದೆ ಎರಡು ಹಳ್ಳಿಗಳ ಹೆಸರಿದೆ. ಯುದ್ಧ, ವೀರ, ಕತ್ತಿ ತೊಳೆಯುವುದು, ಹಳ್ಳಿಗಳ ದಾನ. ಎಲ್ಲವೂ ಒಂದು ಸರಪಣಿಯಾಗಿ ಕೂಡಿಕೊಂಡವು. ಯುದ್ಧದಲ್ಲಿ ರಕ್ತವಾದ ಕತ್ತಿಯನ್ನು ತೊಳೆದು, ವೀರನನ್ನು ಗೌರವಿಸಿ ಕೊಡುವ ದಾನಕ್ಕೆ ಬಾಳ್ಗಳ್ಚು ಎಂದು ಹೆಸರು. ಒಂದು ಪದ ಬಿಡಿಸಿದ್ದಕ್ಕೆ, ಒಂದೂವರೆ ಸಾವಿರ ವರ್ಷದ ಹಿಂದಿನ ಒಂದು ಪದ್ಧತಿಯೇ ನಮ್ಮ ಕಣ್ಣೆದುರಿಗೆ ಬಂತು.

ಒಂದು ಸಂಗತಿ ಗಮನಿಸಿದಿರಾ? ಬಾಳ್ ಮತ್ತು ಕಳ್ಚು ಸೇರಿ ಬಾಳ್ಗಳ್ಚು. ಮರ ಮತ್ತು ಕಸಿ ಸೇರಿ ಮರಗಸಿ. ಹಲ್ಮಿಡಿಯ ಕಲ್ಲಿನಲ್ಲಿದ್ದ ಸಂಧಿಯೇ ಇಂದು ಕಳಸದ ತೋಟದ ಕೂಲಿಯವರ ಬಾಯಲ್ಲಿದೆ. ಅವರು ವ್ಯಾಕರಣ ಓದದೆಯೂ ಆ ನಿಯಮ ತಪ್ಪಿಲ್ಲ.

ಅಂಗಡಿಯಲ್ಲಿ ಹುಲಿ

ಮೂಡಿಗೆರೆ ತಾಲ್ಲೂಕಿನಲ್ಲಿ ಅಂಗಡಿ ಎಂಬ ಊರಿದೆ. 'ನಾವು ಅಂಗಡಿಗೆ ಹೋಗಿದ್ದೆವು' ಎಂದರೆ ಸಾಮಾನು ತರಲು ಹೋದದ್ದೋ, ಆ ಊರಿಗೆ ಹೋದದ್ದೋ? ಇಂಗ್ಲಿಷಿನಲ್ಲಿ ಹೆಸರುಗಳಿಗೆ ದೊಡ್ಡ ಅಕ್ಷರವಿದೆ, ಕನ್ನಡದಲ್ಲಿಲ್ಲ. ಮುಂದಿನ ವಾಕ್ಯವೇ ಹೇಳಬೇಕು.

ಈ ಅಂಗಡಿಯೇ ಹಿಂದಿನ ಸೊಸೆವೂರು, ಹೊಯ್ಸಳರ ಮೂಲಸ್ಥಾನ. ಸಳನೆಂಬ ವೀರನಿಗೆ ಜೈನ ಗುರುವೊಬ್ಬರು, ಮೇಲೆ ಬಿದ್ದ ಹುಲಿಯನ್ನು ತೋರಿಸಿ 'ಪೊಯ್ ಸಳ' ಎಂದರೆಂಬ ಕತೆ ನಿಮಗೆಲ್ಲ ಗೊತ್ತು. ಹಳಗನ್ನಡದ ಪಕಾರ ಮುಂದೆ ಹಕಾರವಾಯಿತು. ಪುಲಿ ಹುಲಿಯಾಯಿತು, ಪಾಲು ಹಾಲಾಯಿತು, ಪೊಯ್ ಹೊಯ್ ಆಯಿತು. ಇಂದು ಮನೆಯಲ್ಲಿ ದೋಸೆ ಹೊಯ್ಯುತ್ತಾರೆ. ಮಲೆನಾಡಿನಲ್ಲಿ ಮಳೆ ಹೊಯ್ಯುತ್ತದೆ. ಆದರೆ ಎದುರಿಗೆ ಹುಲಿ, ಕೈಯಲ್ಲಿ ಆಯುಧ ಇರುವಾಗ ಹೊಯ್ ಎಂದರೆ ಸುರಿ ಎಂದಲ್ಲ, ಹೊಡೆ ಎಂದು.

ಹೊಯ್ಸಳ ಅರಸರಿಗೆ 'ಮಲೆಪರೊಳ್ ಗಂಡ' ಎಂಬ ಬಿರುದಿತ್ತು. 'ಗಂಡ' ಎಂದರೆ ಪತಿ ಎಂದುಕೊಂಡರೆ ಬಿರುದು ಹಾಸ್ಯವಾಗುತ್ತದೆ. ಮಲೆಪರು ಎಂದರೆ ಬೆಟ್ಟದ ನಾಯಕರು. ಅವರಲ್ಲಿ ಶೂರನು ಎಂಬುದು ಅದರ ಅರ್ಥ. ವಿಷ್ಣುವರ್ಧನನ ಚಿನ್ನದ ನಾಣ್ಯಗಳ ಮೇಲೆ 'ತಳಕಾಡುಗೊಂಡ' ಎಂದಿದೆ. ಇಂದಿನ ಕನ್ನಡದಲ್ಲಿ ಕೊಂಡ ಎಂದರೆ ಹಣ ಕೊಟ್ಟು ತಂದ. ರಾಜನು ತಳಕಾಡನ್ನು ಹಣ ಕೊಟ್ಟು ತರಲಿಲ್ಲ, ಚೋಳರಿಂದ ಯುದ್ಧದಲ್ಲಿ ಗೆದ್ದನು. ಬಿರುದು, ನಾಣ್ಯ, ಅರಸ ಎಂಬ ನೆರೆಹೊರೆಯಲ್ಲಿ ಕೊಂಡ ಎಂದರೆ ವಶಪಡಿಸಿಕೊಂಡ. ಒಂದು ಪದವನ್ನು ಇಂದಿನ ಅರ್ಥದಲ್ಲಿ ಓದಿದರೆ ಇತಿಹಾಸದ ಯುದ್ಧವೊಂದು ವ್ಯಾಪಾರವಾಗಿಬಿಡುತ್ತದೆ!

ಊಹೆ ಮೋಸ ಮಾಡುವುದೂ ಉಂಟು

ಇಲ್ಲಿಯವರೆಗೆ ಸಂದರ್ಭದ ಸಹಾಯವನ್ನು ಹೇಳಿದೆ. ಈಗ ಒಂದು ಎಚ್ಚರಿಕೆ. ಚಿಕ್ಕಮಗಳೂರು ಎಂಬ ಹೆಸರಿನ ಅರ್ಥವೇನು? ಚಿಕ್ಕ ಮಗಳ ಊರು. ಸಖರಾಯಪಟ್ಟಣದ ರುಕ್ಮಾಂಗದ ರಾಜನು ಕಿರಿಯ ಮಗಳಿಗೆ ಬಳುವಳಿಯಾಗಿ ಕೊಟ್ಟ ಊರೆಂದು ಕತೆ. ಪಕ್ಕದ ಹಿರೇಮಗಳೂರು ಹಿರಿಯ ಮಗಳಿಗೆ. ಎಷ್ಟು ಚೆನ್ನಾಗಿ ಹೊಂದಿಕೊಳ್ಳುತ್ತದೆ!

ಆದರೆ ಹಳೆಯ ಶಾಸನಗಳಲ್ಲಿ ಈ ಊರುಗಳ ಹೆಸರು 'ಕಿರಿಯ ಮುಗುಳಿ', 'ಪಿರಿಯ ಮುಗುಳಿ' ಎಂದಿದೆ. ಅಲ್ಲಿ ಮಗಳಿಲ್ಲ. ಮುಗುಳಿ ಎಂಬ ಹೆಸರು ಜನರ ಬಾಯಲ್ಲಿ ಸವೆದು, ಮಗಳು ಎಂದು ಕೇಳಿಸತೊಡಗಿದ ಮೇಲೆ ಕತೆ ಹುಟ್ಟಿಕೊಂಡಿರಬೇಕು. ಸೊಸೆವೂರನ್ನೂ ಸಂಸ್ಕೃತ ಬಲ್ಲವರು ಶಶಕಪುರ, ಅಂದರೆ ಮೊಲದ ಊರು ಎಂದು ಮಾಡಿದರು. ಸಳನ ಕತೆಯೂ ಹೀಗೆಯೇ ಎಂದು ಅನೇಕ ಇತಿಹಾಸಕಾರರು ಭಾವಿಸುತ್ತಾರೆ. ಪೊಯ್ಸಳ ಎಂಬ ಹೆಸರು 11ನೇ ಶತಮಾನದ ಆರಂಭದ ಶಾಸನದಲ್ಲೇ ಇದೆ; ಹುಲಿಯ ಕತೆ ಕಾಣುವುದು 12ನೇ ಶತಮಾನದಲ್ಲಿ. ಹೆಸರು ಮೊದಲು, ಕತೆ ಆಮೇಲೆ.

ಕತೆಗಳನ್ನು ಬಿಸಾಡಿ ಎಂದು ನಾನು ಹೇಳುತ್ತಿಲ್ಲ. ಜನ ತಮ್ಮ ಊರನ್ನು ಹೇಗೆ ಪ್ರೀತಿಸಿದರು ಎಂಬುದಕ್ಕೆ ಅವು ಸಾಕ್ಷಿ. ಆದರೆ ವಿಜ್ಞಾನದಲ್ಲಿ ಒಂದು ಊಹೆ ಮಾಡಿದರೆ ಅದನ್ನು ಇನ್ನೊಂದು ಪ್ರಯೋಗದಿಂದ ಪರೀಕ್ಷಿಸುತ್ತೇವೆ. ಪದದ ವಿಷಯದಲ್ಲೂ ಹಾಗೆಯೇ. ಒಂದು ಸಂದರ್ಭದಲ್ಲಿ ಹೊಳೆದ ಅರ್ಥ ಇನ್ನೊಂದು ಸಂದರ್ಭದಲ್ಲೂ ನಿಲ್ಲಬೇಕು. ಬಾಳ್ಗಳ್ಚು ನಿಂತಿತು, ಏಕೆಂದರೆ ಕಾಲಂ ಕರ್ಚಿ ಎಂಬ ಬೇರೆ ಸಾಕ್ಷ್ಯವಿತ್ತು. ಚಿಕ್ಕ ಮಗಳು ನಿಲ್ಲಲಿಲ್ಲ.

ನಿಘಂಟು ಬಂದದ್ದು ಎಲ್ಲಿಂದ?

'ಇಷ್ಟೆಲ್ಲ ಏಕೆ, ನಿಘಂಟು ನೋಡಿದರೆ ಸಾಲದೇ?' ಎಂದು ನೀವು ಕೇಳಬಹುದು. ನಿಘಂಟು ಖಂಡಿತ ನೋಡಿ. ಆದರೆ ನಿಘಂಟು ಮಾಡಿದವರು ಅರ್ಥಗಳನ್ನು ಎಲ್ಲಿಂದ ತಂದರು? ಜರ್ಮನಿಯಿಂದ ಬಂದ ಫರ್ಡಿನಾಂಡ್ ಕಿಟೆಲ್ ಅವರು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ತಮ್ಮ ಕನ್ನಡ-ಇಂಗ್ಲಿಷ್ ನಿಘಂಟಿಗಾಗಿ ಕಾವ್ಯಗಳನ್ನಷ್ಟೇ ಅಲ್ಲ, ಗಾದೆಗಳನ್ನೂ ಆಡುಮಾತನ್ನೂ ಕೂಡಿಸಿದರು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿನ ಮೊದಲ ಸಂಪುಟ 1970ರಲ್ಲಿ, ಕೊನೆಯದು 1995ರಲ್ಲಿ ಹೊರಬಂದವು. ಅದರ ಪ್ರಧಾನ ಸಂಪಾದಕರಾಗಿ ದುಡಿದ ಪ್ರೊ. ಜಿ. ವೆಂಕಟಸುಬ್ಬಯ್ಯನವರು 107 ವರ್ಷ ಬಾಳಿ 2021ರಲ್ಲಿ ತೀರಿಕೊಂಡರು. ಅದರಲ್ಲಿ ಅರ್ಥದ ಜೊತೆಗೆ ಆ ಪದ ಬಂದ ವಾಕ್ಯಗಳನ್ನೂ ಕಾಲಾನುಕ್ರಮದಲ್ಲಿ ಕೊಟ್ಟಿದ್ದಾರೆ. ಶಾಸನದ, ಕಾವ್ಯದ ಸಾಲುಗಳನ್ನು ಒಟ್ಟುಗೂಡಿಸಿ, ಇಲ್ಲಿ ಇದು ಯಾವ ಅರ್ಥದಲ್ಲಿದೆ ಎಂದು ಕೇಳಿದ್ದರ ಫಲ ಅದು. ನಿಘಂಟೆಂದರೆ ಸಾವಿರಾರು ಸಂದರ್ಭಗಳಿಂದ ಇಳಿಸಿದ ಸಾರ. ನನ್ನ ಮರಗಸಿಯ ತಪ್ಪಿಗೆ ನಿಘಂಟು ಕಾರಣವಲ್ಲ. ಒಂದು ಅರ್ಥ ಗೊತ್ತಿದೆಯೆಂದು ಸುತ್ತ ನೋಡುವುದನ್ನು ನಿಲ್ಲಿಸಿದ್ದು ಕಾರಣ.

ಪದ ತಪ್ಪಿದರೆ ನಷ್ಟ ಯಾರಿಗೆ?

ಪರೀಕ್ಷೆಯಲ್ಲಿ ತಪ್ಪು ಅರ್ಥ ಬರೆದರೆ ಒಂದು ಅಂಕ ಹೋಗುತ್ತದೆ. ಬದುಕಿನಲ್ಲಿ ಅದಕ್ಕಿಂತ ಹೆಚ್ಚು ಹೋಗಬಹುದು. ಮಲೆನಾಡಿನ ಅಡಿಕೆ ಬೆಳೆಗಾರರ ಹಳೆಯ ಕಾಗದಗಳಲ್ಲಿ 'ಸೊಪ್ಪಿನ ಬೆಟ್ಟ', 'ಕಾನು' ಎಂಬ ಪದಗಳು ಬರುತ್ತವೆ. ಹೊರಗಿನವರು ಓದಿದರೆ ಬೆಟ್ಟವೆಂದರೆ ಪರ್ವತವೆಂದೇ ತಿಳಿಯುತ್ತಾರೆ. ಆದರೆ ಇಲ್ಲಿ ಅದು, ತೋಟದ ಗೊಬ್ಬರಕ್ಕಾಗಿ ಸೊಪ್ಪು ತರುವ ಮರಗಳಿರುವ ಜಾಗ, ಎತ್ತರವೇ ಇರಬೇಕೆಂದಿಲ್ಲ. ಕಾನು ಎಂದರೆ ದಟ್ಟ ಹಸಿರಿನ ಕಾಡು. 1964ರ ಭೂಕಂದಾಯ ಕಾಯ್ದೆಯ 79ನೇ ಕಲಮು ಹಳೆಯ ಮೈಸೂರು ಪ್ರದೇಶದ ಕಾನು, ಸೊಪ್ಪಿನ ಬೆಟ್ಟಗಳ ಸವಲತ್ತುಗಳನ್ನು ಹೆಸರಿಸಿಯೇ ಹೇಳುತ್ತದೆ. ಅಂದಮೇಲೆ ಈ ಪದಗಳ ಹಿಂದೆ ಒಂದು ಮನೆತನದ ಹಕ್ಕೂ ಒಂದು ಕಾಡಿನ ಅಳಿವು ಉಳಿವೂ ಇವೆ. ಅಜ್ಜನ ಪೆಟ್ಟಿಗೆಯ ಕಾಗದವನ್ನು ನಾಳೆ ಓದಬೇಕಾದವರು ನೀವೇ.

ಇನ್ನೊಂದು ನಷ್ಟವೂ ಇದೆ. ಶಾಸನದ ಪದ ಕಲ್ಲಿನ ಮೇಲಿದೆ, ಕಾಯುತ್ತದೆ. ತೋಟದ ಪದ ಬಾಯಲ್ಲಿದೆ. ಕೆಲಸ ನಿಂತರೆ, ಅದನ್ನು ಮಾಡುವವರು ಇಲ್ಲವಾದರೆ, ಪದವೂ ಹೋಗುತ್ತದೆ. ಕೊಡಗಿನ ಕಡೆ 'ಕಪಾತು' ಎನ್ನುವ ಕೆಲಸವನ್ನು ಮೂಡಿಗೆರೆಯ ಕಡೆ 'ಕಸಿ' ಎನ್ನುವುದೇಕೆ ಎಂದು ಮುಂದೆ ಯಾರಾದರೂ ಕೇಳಿದರೆ, ಅವರಿಗೆ ಬೇಕಾಗುವುದು ನೀವು ಇಂದು ಬರೆದಿಟ್ಟ ಒಂದು ವಾಕ್ಯ.

ನೀವು ಮಾಡಬಹುದಾದದ್ದು

ಗೊತ್ತಿಲ್ಲದ ಪದ ಎದುರಾದರೆ ಕೂಡಲೇ ಪಕ್ಕದವರನ್ನು ಕೇಳಬೇಡಿ. ಮೊದಲು ವಾಕ್ಯವನ್ನು ಪೂರ್ತಿ ಓದಿ. ಅದರ ಹಿಂದಿನ ಮತ್ತು ಮುಂದಿನ ವಾಕ್ಯವನ್ನೂ ಓದಿ. ಎರಡನೆಯದಾಗಿ, ಪದವನ್ನು ಬಿಡಿಸಿ. ಒಳಗೆ ನಿಮಗೆ ಗೊತ್ತಿರುವ ತುಂಡು ಇದೆಯೇ, ಪಕಾರ ಹಕಾರವಾಗಿದೆಯೇ, ಕಕಾರ ಗಕಾರವಾಗಿದೆಯೇ ನೋಡಿ. ಮೂರನೆಯದಾಗಿ, ಒಂದು ಊಹೆ ಮಾಡಿ, ಪೆನ್ಸಿಲಿನಲ್ಲಿ ಅಂಚಿನಲ್ಲಿ ಬರೆಯಿರಿ. ನಾಲ್ಕನೆಯದಾಗಿ, ಆ ಪದ ಇನ್ನೊಂದು ಕಡೆ ಬಂದಾಗ ಊಹೆ ಅಲ್ಲಿಯೂ ಸರಿಹೊಂದುವುದೇ ಪರೀಕ್ಷಿಸಿ. ಕೊನೆಯಲ್ಲಿ ನಿಘಂಟು ತೆರೆಯಿರಿ. ನಿಘಂಟಿನಲ್ಲಿ ಇಲ್ಲದಿದ್ದರೆ ಆ ಕೆಲಸ ಮಾಡುವವರ ಬಳಿಗೆ ಹೋಗಿ ಕೇಳಿ. ಊಹೆ ತಪ್ಪಾದರೆ ನಾಚಿಕೆ ಬೇಡ. ತಿದ್ದಿಕೊಂಡ ಊಹೆಯ ಪದ ಮರೆತುಹೋಗುವುದಿಲ್ಲ. ಮರಗಸಿ ನನಗೆ ಮರೆತಿಲ್ಲ.

ಈ ರಜೆಯಲ್ಲಿ ನಿಮ್ಮ ಊರಿನ ಒಂದು ಕೆಲಸವನ್ನು ಆರಿಸಿಕೊಳ್ಳಿ. ಗದ್ದೆ, ಮಗ್ಗ, ಅಡುಗೆಮನೆ, ಗ್ಯಾರೇಜು ಯಾವುದಾದರೂ ಸರಿ. ಅಲ್ಲಿ ಕೇಳಿದ ಹತ್ತು ಪದಗಳನ್ನು, ಅವರು ಆಡಿದ ವಾಕ್ಯದ ಸಮೇತ ಬರೆದುಕೊಳ್ಳಿ. ಅರ್ಥ ಬರೆಯುವ ಮುಂಚೆ ಅವರ ಕೈಯಲ್ಲಿ ಏನಿತ್ತು ಎಂಬುದನ್ನೂ ಬರೆಯಿರಿ.